ಊನವಿಲ್ಲದ ಗುಡ್ಡ

ಬೆಳಿಗ್ಗೆ ಆರು ಗಂಟೆ ಐವತ್ತೆರಡು ನಿಮಿಷ. ಮಾರ್ಚ್ ತಿಂಗಳ ಎರಡನೆಯ ಭಾನುವಾರ. ಈರಬಸಪ್ಪನವರು ಎರಡು ಸ್ಟೀಲಿನ ಬಟ್ಟಲುಗಳಲ್ಲಿ ಬಣ್ಣ ಕಲಸಿಟ್ಟುಕೊಂಡು, ಇನ್ನೂ ಅದ್ದದ ಬ್ರಷ್ಷನ್ನು ಬಲಗೈಯಲ್ಲಿ ಹಿಡಿದು, ಎಡಗೈಯ ಗಡಿಯಾರ ನೋಡುತ್ತಿದ್ದರು.

ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯ ಹೊಸ ಬಡಾವಣೆಗಳು ಮುಗಿದ ಮೇಲೆ ಒಂದು ಕಬ್ಬಿನ ಹೊಲ ಬರುತ್ತದೆ. ಅದರ ಬದುವಿನ ಮೇಲೆ ಎಂಟು ಜನ ಮಡಚುವ ಸ್ಟೂಲು ಹಾಕಿಕೊಂಡು ಪಡುವಣಕ್ಕೆ ಮುಖ ಮಾಡಿ ಕೂತಿದ್ದರು. ಎದುರಿಗೆ ಗುಡ್ಡ. ಆ ಸೀಮೆಯ ಗುಡ್ಡಗಳ ಹಾಗೆ ಇದೂ ಯಾರೋ ಮೆಟ್ಟಿಲು ಕಡಿದು ಅರ್ಧಕ್ಕೆ ಬಿಟ್ಟಂತೆ ಇದೆ: ಕರಿಕಲ್ಲಿನ ಐದು ಪಟ್ಟಿಗಳು, ನಡುನಡುವೆ ಒಣಹುಲ್ಲು. ಉಳಿದ ಏಳು ಜನ ಆಗಲೇ ಬಣ್ಣ ಹಚ್ಚುತ್ತಿದ್ದರು. ಈರಬಸಪ್ಪನವರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ಇತ್ತು. ಚೀಟಿಯಲ್ಲಿ ಹಡಪಸರದ ಒಂದು ವಿಳಾಸ. ಇವತ್ತಿನ ಚಿತ್ರ ಸರಿಹೋಗದಿದ್ದರೆ ಬರುವ ವಾರದಿಂದ ಅವರು ಗುಡ್ಡ ಬಿಟ್ಟು ಆ ವಿಳಾಸಕ್ಕೆ ಹೋಗಬೇಕು. ಎರಡನೆಯ ಮಹಡಿಯ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಪ್ಲಾಸ್ಟಿಕ್ಕಿನ ಹಣ್ಣುಗಳನ್ನು ನೋಡಿ ಬರೆಯಬೇಕು.

ಟ್ಯೂಬ್‌ಲೈಟಿನ ಮುಂದೆ ಅವರು ಇಪ್ಪತ್ತಾರು ವರ್ಷ ಕೂತಾಗಿತ್ತು.

ಹುಬ್ಬಳ್ಳಿಯ ಹತ್ತಿರದ ಒಂದು ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಅವರದು ನೋಡುವ ಕೆಲಸ. ಎದುರಿಗೆ ಹಾಲುಬಣ್ಣದ ಪರದೆ, ಪರದೆಯ ಹಿಂದೆ ದೀಪಗಳು, ಪರದೆಯ ಮುಂದೆ ಸಾಲಾಗಿ ಸರಿಯುವ ಬಾಟಲಿಗಳು, ನಿಮಿಷಕ್ಕೆ ನೂರಾ ಇಪ್ಪತ್ತು. ಬಿರುಕು, ಗುಳ್ಳೆ, ಗೆರೆ, ಕಸ ಇದ್ದದ್ದನ್ನು ಎತ್ತಿ, ತಪ್ಪಿದ್ದ ಜಾಗಕ್ಕೆ ಮೇಣದ ಪೆನ್ಸಿಲಿನಿಂದ ಸುತ್ತು ಹಾಕಿ, ಪಕ್ಕದ ಟ್ರೇಗೆ ಇಡಬೇಕು. ಇಪ್ಪತ್ತು ನಿಮಿಷ ನೋಡಿದರೆ ಹತ್ತು ನಿಮಿಷ ಕಣ್ಣಿಗೆ ಬಿಡುವು. ಮೊದಲ ದಿನ ಕೆಲಸ ಕಲಿಸಿದ ರಾಘಣ್ಣ ಎಂಬ ಹಿರಿಯ ಹೇಳಿದ್ದು ಇಷ್ಟೇ: "ಬಾಟಲಿ ನೋಡಬ್ಯಾಡೋ ತಮ್ಮಾ. ಬಾಟಲಿ ಹಿಂದಿನ ಬೆಳಕ ನೋಡು. ಬೆಳಕ ಎಲ್ಲಿ ಮುರೀತದ, ಊನ ಅಲ್ಲೇ ಇರ್ತದ."

ಹೋದ ವರ್ಷ ಜೂನ್‌ನಲ್ಲಿ ಕಂಪನಿಯವರು ಆ ಯಂತ್ರಗಳನ್ನೆಲ್ಲ ತಳೇಗಾಂವಿಗೆ ತಂದರು. ಯಂತ್ರಗಳ ಜೊತೆಗೆ ಈರಬಸಪ್ಪನವರೂ ಬಂದರು, ಹೆಂಡತಿ ಭೀಮವ್ವನೂ ಬಂದಳು. ಅವರಿಗೆ ಆಗ ಐವತ್ತೆರಡು ವರ್ಷ. ಡಿಸೆಂಬರಿನಲ್ಲಿ ಪರದೆಯ ಜಾಗಕ್ಕೆ ಕ್ಯಾಮೆರಾ ಬಂತು. ಕೆಲಸವನ್ನು ಅದಕ್ಕೆ ಒಪ್ಪಿಸುವ ಮೊದಲು ಒಂದು ಪರೀಕ್ಷೆ ಮಾಡಿದರು. ಅದೇ ಸಾವಿರ ಬಾಟಲಿಗಳನ್ನು ಕ್ಯಾಮೆರಾ ನೋಡಿತು, ಈರಬಸಪ್ಪನವರೂ ನೋಡಿದರು. ಕ್ಯಾಮೆರಾ ನಲವತ್ತೊಂದನ್ನು ತೆಗೆದಿಟ್ಟಿತು, ಇವರು ನಲವತ್ತಮೂರನ್ನು. ಹೆಚ್ಚಿನ ಎರಡರಲ್ಲಿದ್ದ ಗುಳ್ಳೆಗಳನ್ನು ಇಂಜಿನಿಯರು ಅಳೆದು, "ಇವು ನಡೆಯುತ್ತವೆ" ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಕಾಕಾ, ಕ್ಯಾಮೆರಾಕ್ಕೆ ಬಿಡುವು ಬೇಕಾಗೋದಿಲ್ಲ," ಎಂದೂ ಸೇರಿಸಿದರು.

ಈರಬಸಪ್ಪನವರನ್ನು ಸ್ಟೋರಿಗೆ ಹಾಕಿದರು. ಕೈಗವಸು, ಬೋಲ್ಟು, ಬೇರಿಂಗು ಕೇಳಿದವರಿಗೆ ತೆಗೆದುಕೊಡುವುದು, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದು. ಕಷ್ಟದ ಕೆಲಸವಲ್ಲ. ಆದರೆ ಕಣ್ಣಿಗೆ ಅಲ್ಲೇನೂ ಕೆಲಸವಿರಲಿಲ್ಲ. ಇಪ್ಪತ್ತಾರು ವರ್ಷ ಓಡಿದ ಕಣ್ಣು ಮನೆಗೆ ಬಂದು ಕೆಲಸ ಹುಡುಕತೊಡಗಿತು. ಊಟಕ್ಕೆ ಕೂತರೆ ಅನ್ನವನ್ನು ಬೆರಳಿಂದ ಹರವಿ ನೋಡುವರು.

"ಅಕ್ಕಿ ನಾ ಎರಡ ಸಲ ಆರಿಸೇನ್ರಿ," ಭೀಮವ್ವ ರೇಗುವಳು. "ನನ್ನ ಅಡಗಿ ಏನ ಬಾಟಲೀನ?"

ಜನವರಿಯ ಕೊನೆಯ ಭಾನುವಾರ ಅವರು ಸ್ಕೂಟರ್ ಹತ್ತಿ ಸುಮ್ಮನೆ ಊರ ಹೊರಗೆ ಹೋದಾಗ ಈ ಬದುವಿನ ಮೇಲೆ ಕೂತವರು ಕಂಡರು. ಗಾಡಿ ನಿಲ್ಲಿಸಿ, ಎಲ್ಲರಿಗಿಂತ ಈಚೆಗೆ ಕೂತಿದ್ದ ಒಬ್ಬರ ಹಿಂದೆ ನಿಂತು ಹತ್ತು ನಿಮಿಷ ನೋಡಿದರು. ಆತ ರಾಜೀವ, ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಈರಬಸಪ್ಪನವರು ಗುಡ್ಡದ ಕಡೆ ಕೈ ಮಾಡಿ, "ಪಾಚ," ಎಂದರು. ಚಿತ್ರದ ಕಡೆ ಕೈ ಮಾಡಿ, "ಚಾರ್," ಎಂದರು. ರಾಜೀವ ಗುಡ್ಡ ನೋಡಿ, ಚಿತ್ರ ನೋಡಿ, ಎಣಿಸಿ, "ಹೌದಲ್ಲ!" ಎಂದು ತಲೆ ಕೆರೆದುಕೊಂಡ. ಒಂದು ಕಲ್ಲಿನ ಪಟ್ಟಿ ಬಿಟ್ಟುಹೋಗಿತ್ತು.

ಕಲಿಸುವಾಕೆ ಹರ್ಷದಾ ದೂರದಿಂದಲೇ ಇದನ್ನು ನೋಡಿ ನಗುತ್ತ ಬಂದು ಒಂದು ಬೋರ್ಡು, ಒಂದು ಹಾಳೆ ಇವರ ಕೈಗಿಟ್ಟರು. ನಲವತ್ತರ ಸುಮಾರಿನ ಹೆಂಗಸು. ಎಲ್ಲರೂ ಅವರನ್ನು 'ತಾಈ' ಎಂದು ಕರೆಯುತ್ತಿದ್ದರು. ಈರಬಸಪ್ಪನವರೂ ತಾಯಿ ಎಂದೇ ಕರೆದರು. ಮರಾಠಿಯಲ್ಲಿ ಅದು ಅಕ್ಕ ಎಂದು ಗೊತ್ತಾದದ್ದು ಎರಡು ವಾರದ ಮೇಲೆ. ಅದರಿಂದೇನೂ ತೊಂದರೆಯಾಗಲಿಲ್ಲ, ತಮಗಿಂತ ಚಿಕ್ಕವರನ್ನು ತಾಯಿ ಎನ್ನುವುದು ಅವರ ಊರಲ್ಲಿ ಮರ್ಯಾದೆಯೇ.

ಇನ್ನೊಂದು ಮಾತಿನಿಂದ ತೊಂದರೆಯಾಯಿತು.

ಹರ್ಷದಾ ಕಲಿಸುತ್ತಿದ್ದದ್ದು ಮರಾಠಿಯಲ್ಲಿ. ಈರಬಸಪ್ಪನವರಿಗೆ ಬರುತ್ತಿದ್ದದ್ದು ಕಾರ್ಖಾನೆಯ ಮರಾಠಿ: ಹಾಕು, ತೆಗಿ, ಬಿಡು, ಎಷ್ಟು, ಎಲ್ಲಿ, ಇದೆ, ಇಲ್ಲ. ಅಷ್ಟರಲ್ಲಿ ಎಂಟು ತಿಂಗಳು ನಡೆದಿತ್ತು. ಇವರು ಸೇರಿದ ಎರಡನೆಯ ಭಾನುವಾರ ಆಕೆ ಹಿಂದೆ ಬಂದು ನಿಂತು, ಚಿತ್ರದಲ್ಲಿ ಎರಡನೆಯ ಪಟ್ಟಿಯ ಮೇಲೆ ಬೆರಳಿಟ್ಟು, "ಕಾಕಾ, ಇಥಂ ಊನ ಸೋಡಾ," ಎಂದರು. ಈರಬಸಪ್ಪನವರು ಬಗ್ಗಿ ನೋಡಿದರು. 'ಇಥಂ' ಅಂದರೆ ಇಲ್ಲಿ. 'ಸೋಡಾ' ಅಂದರೆ ಬಿಡಿ; ಕಾರ್ಖಾನೆಯಲ್ಲಿ ನೀರು ಬಿಡಿ, ಲೈನು ಬಿಡಿ ಎನ್ನುವುದಕ್ಕೆಲ್ಲ ಅದೇ ಮಾತು. ಇನ್ನು ಊನ. ಆ ಪದವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆ ಬೆರಳಿಟ್ಟ ಜಾಗದಲ್ಲಿ ಕಿರುಬೆರಳಿನಷ್ಟು ಕಾಗದ ಬಣ್ಣ ತಾಗದೆ ಬೆಳ್ಳಗೆ ಉಳಿದಿತ್ತು. ಛೇ, ಎಂದುಕೊಂಡರು. ಕೂಡಲೇ ಅದನ್ನು ಮುಚ್ಚಿದರು. ಮುಚ್ಚಿ, ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಬೇರೆಲ್ಲಾದರೂ ಬಿಳಿ ಉಳಿದಿದೆಯೇ ಎಂದು ಹುಡುಕಿ, ಇದ್ದ ಮೂರು ಚುಕ್ಕೆಗಳನ್ನೂ ಮುಚ್ಚಿದರು. ಹರ್ಷದಾ ಅಷ್ಟರಲ್ಲಿ ಬೇರೆಯವರ ಹತ್ತಿರ ಹೋಗಿದ್ದರು.

ಮುಂದಿನ ವಾರ ಆಕೆ ಚಿತ್ರವನ್ನು ನೋಡಿ ಉಸಿರು ಬಿಟ್ಟು, "ಊನ ನಾಹಿ," ಎಂದರು. ಅದರ ಮುಂದಿನ ವಾರ ಎರಡು ಸಲ ಎಂದರು: "ಊನ ನಾಹಿ, ಕಾಕಾ. ಊನಚ ನಾಹಿ."

ಈರಬಸಪ್ಪನವರು ಆ ದಿನ ಸ್ಕೂಟರನ್ನು ಎಂದಿಗಿಂತ ವೇಗವಾಗಿ ಓಡಿಸಿದರು. ಮನೆಯೊಳಗೆ ಕಾಲಿಡುತ್ತಲೇ, "ಒಂದ ಊನಾನೂ ಇಲ್ಲ ಅಂದ್ರು," ಎಂದರು.

"ಅವ್ರ ಬಾಯಿಲೆ ಅಂದ್ರಾ?"

"ಎರಡ ಸಲ ಅಂದ್ರು."

ಭೀಮವ್ವ ಗೋಧಿ ಹುಗ್ಗಿ ಮಾಡಿದಳು.

ಚಿತ್ರಗಳು ವಾರದಿಂದ ವಾರಕ್ಕೆ ಇನ್ನಷ್ಟು ಬಿಗಿಯಾದವು. ಅವರು ಬದುವಿಗೆ ಬರುತ್ತಿದ್ದದ್ದು ಎಲ್ಲರಂತೆ ಆರೂವರೆಗೇ. ಆದರೆ ಎಂಟರವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವರು. ಎಂಟರ ಮೇಲೆ ಗುಡ್ಡ ಪೂರ್ತಿ ಒಂದೇ ಸಮನಾಗಿ ಕಾಣುತ್ತದೆ, ಯಾವ ಮೂಲೆಯೂ ಕತ್ತಲಲ್ಲಿರುವುದಿಲ್ಲ, ಎಲ್ಲ ಎಣಿಸಬಹುದು. ಐದು ಪಟ್ಟಿ, ಬುಡದಲ್ಲಿ ಹದಿನೇಳು ಮರ, ಮೂರು ವಿದ್ಯುತ್ ಕಂಬ. ಎಲ್ಲ ಇದ್ದಲ್ಲೇ ಇರುತ್ತಿದ್ದವು. ಬಿಳಿ ಎನ್ನುವುದು ಚೂರೂ ಇರುತ್ತಿರಲಿಲ್ಲ.

ಮಾರ್ಚ್ ಮೊದಲ ಭಾನುವಾರ ಹರ್ಷದಾ ಇವರ ಹಿಂದೆ ತುಂಬ ಹೊತ್ತು ನಿಂತರು. ಆಮೇಲೆ ಎಂದೂ ಎತ್ತರಿಸದ ದನಿ ಎತ್ತರಿಸಿ ಕೇಳಿದರು: "ಕಾಕಾ, ಊನ ಕುಠೇ ಆಹೆ?"

ಊನ ಎಲ್ಲಿದೆ? ಈರಬಸಪ್ಪನವರು ಎದ್ದು ನಿಂತರು. ಪರೀಕ್ಷೆಯ ಪ್ರಶ್ನೆ ಎಂದು ಅವರಿಗೆ ಗೊತ್ತಾಯಿತು. ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಾಲ್ಕು ಮೂಲೆ ನೋಡಿದರು, ನಡುವೆ ನೋಡಿದರು, ಓರೆ ಮಾಡಿ ನೋಡಿದರು. ಎದೆ ಸೆಟೆಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಏಕಹೀ ನಾಹಿ!" ಒಂದೂ ಇಲ್ಲ.

ರಾಜೀವ ನಕ್ಕ ರಭಸಕ್ಕೆ ಅವನ ನೀರಿನ ಡಬ್ಬಿ ಮಗುಚಿತು. ಉಳಿದವರು ತಲೆ ತಗ್ಗಿಸಿ ನಕ್ಕರು. ಹರ್ಷದಾ ಮಾತ್ರ ನಗಲಿಲ್ಲ. ಇವರನ್ನು ಸ್ವಲ್ಪ ಆಚೆಗೆ ಕರೆದು, ಅರ್ಥವಾಗಲಿ ಎಂದು ಹಿಂದಿಯಲ್ಲಿ, ಮೆತ್ತಗೆ ಮಾತಾಡಿದರು. "ಒಂದೇ ಮಾತನ್ನು ಐದು ವಾರದಿಂದ ಹೇಳುತ್ತಿದ್ದೇನೆ ಕಾಕಾ. ನೀವು ತಲೆಯಾಡಿಸುತ್ತೀರಿ, ಅದರ ಉಲ್ಟಾ ಮಾಡುತ್ತೀರಿ. ಇಲ್ಲಿರುವುದು ಎಂಟು ಜಾಗ. ಹೊರಗೆ ಈಗ ಹದಿನಾಲ್ಕು ಜನ ಕಾಯುತ್ತಿದ್ದಾರೆ. ನೀವು ಆರು ತಿಂಗಳು ಒಳಗಿನ ಕ್ಲಾಸು ಮಾಡಿ." ಚೀಲದಿಂದ ಹಡಪಸರದ ವಿಳಾಸದ ಚೀಟಿ ತೆಗೆದು ಕೊಟ್ಟರು. ಆ ಕೋಣೆ ಹೇಗಿರುತ್ತದೆ, ಅಲ್ಲಿ ಏನು ಬರೆಸುತ್ತಾರೆ ಎಂಬುದನ್ನೂ ಹೇಳಿದರು. ಒಳ್ಳೆಯ ದೀಪಗಳಿವೆ ಎಂದರು.

ಈರಬಸಪ್ಪನವರಿಗೆ ಡಿಸೆಂಬರಿನ ಇಂಜಿನಿಯರು ನೆನಪಾದರು. ಅದೇ ಮೆತ್ತಗಿನ ದನಿ. ಒಂದು ವರ್ಷದೊಳಗೆ ಎರಡನೆಯ ಸಲ ತಮ್ಮ ಕಣ್ಣನ್ನು ಯಾರೋ ಮರ್ಯಾದೆಯಿಂದ ಬದಿಗೆ ಸರಿಸುತ್ತಿದ್ದರು. ಮೊದಲ ಸಲ ಸುಮ್ಮನೆ ತಲೆಯಾಡಿಸಿದ್ದರು. ಈ ಸಲ ಅವರು ಬೆರಳೊಂದನ್ನು ಎತ್ತಿದರು.

"ಏಕ ರವಿವಾರ," ಎಂದರು.

ಹರ್ಷದಾ ಯೋಚಿಸಿದರು. ಈ ಮನುಷ್ಯ ಒಂದು ಭಾನುವಾರವೂ ತಪ್ಪಿಸಿರಲಿಲ್ಲ, ಒಂದು ನಿಮಿಷವೂ ತಡ ಮಾಡಿರಲಿಲ್ಲ. "ಸರಿ, ಇನ್ನೊಂದು ಭಾನುವಾರ," ಎಂದರು.

ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ಭೀಮವ್ವ ತಾರಸಿಯ ಮೇಲಿದ್ದಳು. ಅವಳೂ ಕೆಳಗಿನ ಮನೆಯ ನೀಲಿಮಾ ಎಂಬಾಕೆಯೂ ಸೇರಿ ಹಳೆಯ ಧೋತರದ ಮೇಲೆ ಸಂಡಿಗೆ ಇಟ್ಟಿದ್ದರು. ಈರಬಸಪ್ಪನವರು ಬೋರ್ಡನ್ನು ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಕೂತರು.

"ಮಾರಿ ಯಾಕ ಹಂಗ ಮಾಡೀರಿ?"

"ತಾಯಿ ನನ್ನ ಒಳಗಿನ ಕ್ಲಾಸಿಗೆ ಹಾಕ್ಯಾರ. ಹಡಪಸರಕ್ಕ."

"ಯಾಕಂತ? ಅವ್ರ ಅಂದಿದ್ರಲ್ಲ, ಊನ ಇಲ್ಲಂತ."

"ಅದ ತಿಳೀವಲ್ದು ನನಗ," ಎಂದರು ಈರಬಸಪ್ಪನವರು. "ಊನ ಇಲ್ಲಂತಾರ, ಮನಿಗೂ ಕಳಸ್ತಾರ."

ಅಷ್ಟರಲ್ಲಿ ನೀರಿನ ಟ್ಯಾಂಕಿನ ನೆರಳು ಸರಿದು ಧೋತರದ ಒಂದು ಅಂಚನ್ನು ಮುಟ್ಟಿತು. ನೀಲಿಮಾ ಅದನ್ನು ನೋಡಿ, "ಅಗಂ ಭೀಮವ್ವ, ಇಥಲಂ ಊನ ಗೇಲಂ!" ಎಂದು ಕೂಗಿ ಧೋತರದ ತುದಿ ಹಿಡಿದಳು.

ಈರಬಸಪ್ಪನವರು ತಲೆ ಎತ್ತಿದರು. ಬಗ್ಗಿ ಸಂಡಿಗೆಗಳನ್ನು ನೋಡಿದರು. "ಸಂಡಿಗ್ಯಾಗ ಏನ ಊನ ಅದ?"

"ಸಂಡಿಗ್ಯಾಗ ಅಲ್ರಿ. ಊನ ಅಂದ್ರ ಇವ್ರ ಮಾತಿನಾಗ ಬಿಸಲು. ಇಲ್ಲಿ ಬಿಸಲು ಹೋತು, ಆಕಡೆ ಎಳಿ ಅನ್ನಾಕತ್ತಾಳ. ಸರೀರಿ, ಕಾಲ ತಗೀರಿ."

ಭೀಮವ್ವನಿಗೆ ಆ ಪದ ಗೊತ್ತಾಗಿ ಒಂದು ತಿಂಗಳಾಗಿತ್ತು, ಮೆಣಸಿನಕಾಯಿ ಒಣಗಿಸುವಾಗ. ಆದರೆ ಗಂಡ ಮನೆಗೆ ಬಂದು ಹೇಳುತ್ತಿದ್ದದ್ದು ಕನ್ನಡದಲ್ಲಿ. ಅದರೊಳಗೆ ಒಂದು ಮರಾಠಿ ಪದ ಅಡಗಿ ಕೂತಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಈರಬಸಪ್ಪನವರೋ ಪುಣೆಗೆ ಬಂದದ್ದು ಜೂನಿನಲ್ಲಿ. ನಾಲ್ಕು ತಿಂಗಳು ಮಳೆ, ಆಮೇಲೆ ಚಳಿ. ಹಗಲೆಲ್ಲ ಕಾರ್ಖಾನೆಯ ಒಳಗೆ ಇದ್ದ ಮನುಷ್ಯನ ಹತ್ತಿರ ಬಿಸಿಲಿನ ಮಾತು ಯಾರೂ ಆಡಿರಲಿಲ್ಲ.

ಅವರು ಕಾಲು ತೆಗೆಯಲಿಲ್ಲ. ಕೂತಲ್ಲಿಂದಲೇ ಕೇಳಿದರು. "ಊನ ಸೋಡಾ ಅಂದ್ರ?"

"ಬಿಸಲ ಬಿಡ್ರಿ."

"ಊನ ನಾಹಿ ಅಂದ್ರ?"

"ಬಿಸಲಿಲ್ಲ," ಎಂದಳು ಭೀಮವ್ವ. ಎಂದವಳು ಧೋತರದ ತುದಿ ಕೈಬಿಟ್ಟಳು. "ಅಯ್ಯ ಶಿವನ! ಅವ್ರ ಅಂದಿದ್ದು ಇದನ್ನೇನ್ರಿ?"

"ಅವ್ರ ಬೆರಳ ಇಟ್ಟು ತೋರಸ್ತಿದ್ರು ಭೀಮಾ. ಇಲ್ಲಿ ಬಿಳಿ ಬಿಡ್ರಿ, ಬಿಸಲಿಗೆ ಜಾಗಾ ಬಿಡ್ರಿ ಅಂತ. ನಾ ಅವ್ರ ಬೆರಳ ತಗದ ಕೂಡ್ಲೆ ಅದನ್ನ ಮುಚ್ಚತಿದ್ದೆ."

ಭೀಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. "ನಾ ಹುಗ್ಗಿ ಮಾಡಿದ್ನೆಲ್ರಿ!" ಎಂದು ತಾರಸಿಯ ಮೇಲೇ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನೀಲಿಮಾ ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದಳು. ಈರಬಸಪ್ಪನವರು ನಗಲಿಲ್ಲ. ಕೆಳಗೆ ಹೋಗಿ ಹಳೆಯ ನಾಲ್ಕು ಚಿತ್ರಗಳನ್ನು ತಂದು, ಇವತ್ತಿನದನ್ನೂ ಸೇರಿಸಿ, ಸಂಡಿಗೆಯ ಪಕ್ಕದಲ್ಲಿ ಸಾಲಾಗಿ ಹಾಸಿದರು. ಐದರ ಮೇಲೂ ಬಿಸಿಲು ಬಿದ್ದಿತ್ತು. ಐದರ ಒಳಗೂ ಬಿಸಿಲಿರಲಿಲ್ಲ. ಅವರು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ನೋಡಿದರು, ಎಲ್ಲವನ್ನೂ ಮಗುಚಿ ಇಟ್ಟರು. ಟ್ರೇಗೆ ಹೋಗಬೇಕಾದ ಬಾಟಲಿಗಳನ್ನು ಹಾಗೆಯೇ ಇಡುತ್ತಿದ್ದರು.

ಸೋಮವಾರ ಅವರು ಐದೂವರೆಗೆ ಎದ್ದರು. ಸ್ಟೋರಿನ ಕೆಲಸ ಎಂಟೂವರೆಗೆ. ಭೀಮವ್ವ ಚಹಾ ಕೊಡುತ್ತ, "ಬ್ರಷ್ ಒಯ್ಯೂದಿಲ್ಲೇನ್ರಿ?" ಎಂದಳು.

"ಇವತ್ತ ನೋಡೂದಷ್ಟ."

ಬದುವಿನ ಮೇಲೆ ಒಬ್ಬರೇ ಕೂತು ಹಳೆಯ ಶಿಫ್ಟ್ ನೋಟುಬುಕ್ಕು ತೆರೆದರು. ಅದರಲ್ಲಿ ಬಾಟಲಿಯ ತಪ್ಪುಗಳನ್ನು ಬರೆಯುವ ಕೋಷ್ಟಕಗಳಿದ್ದವು: ಸಮಯ, ಜಾಗ, ಅಳತೆ. ಅದೇ ಸಾಕಾಗಿತ್ತು. ಆರು ಐವತ್ತೇಳಕ್ಕೆ ಗುಡ್ಡದ ತುದಿಯಲ್ಲಿ ದಾರದಷ್ಟು ಬೆಳಕು ಹತ್ತಿತು. ಅವರ ಬೆನ್ನ ಹಿಂದೆ, ಮೂಡಣದ ಕಡೆ, ನಾಲ್ಕು ಕಿಲೋಮೀಟರ್ ಆಚೆ ಇನ್ನೊಂದು ಗುಡ್ಡದ ಸಾಲಿದೆ. ಸೂರ್ಯ ಅದನ್ನು ದಾಟುತ್ತಿದ್ದಂತೆ ಆ ಸಾಲಿನ ನೆರಳು ಎದುರಿನ ಗುಡ್ಡದ ಮೇಲೆ ಕೆಳಕೆಳಗೆ ಜಾರುತ್ತದೆ. ನೆರಳು ಮೊದಲ ಪಟ್ಟಿ ದಾಟಿತು, ಎರಡನೆಯದನ್ನು ದಾಟಿತು. ಬಿಸಿಲು ಬಿದ್ದ ಕಲ್ಲು ಕಲ್ಲಿನಂತೆ ಕಾಣಲಿಲ್ಲ. ಪಟ್ಟಿಯೂ ಅದರ ಮೇಲಿನ ಹುಲ್ಲೂ ಬೆರೆತು ಒಂದೇ ಹೊಳಪಾಗಿ, ಗೆರೆಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ನೆರಳು ಬುಡದ ಮರಗಳನ್ನು ಮುಟ್ಟಿದಾಗ ಏಳು ಗಂಟೆ ಎಂಟು ನಿಮಿಷ. ಆಮೇಲೆ ಗುಡ್ಡ ನಿಧಾನವಾಗಿ ದಿನದ ಗುಡ್ಡವಾಯಿತು. ಗೆರೆಗಳು ಒಂದೊಂದೇ ವಾಪಸು ಬಂದವು. ಐದು ವಾರ ಅವರು ಬರೆದದ್ದು, ಈ ಎಲ್ಲ ಮುಗಿದ ಮೇಲಿನ ಗುಡ್ಡವನ್ನು.

ಮಂಗಳವಾರ ಬೆಳಕು ಒಂದು ನಿಮಿಷ ಮೊದಲೇ ಹತ್ತಿತು. ಸೂರ್ಯ ದಿನಕ್ಕೆ ಮುಕ್ಕಾಲು ನಿಮಿಷದಂತೆ ಮುಂದೆ ಬರುತ್ತಿದ್ದಾನೆ ಎಂದು ಅವರು ಲೆಕ್ಕ ಹಾಕಿ ಭಾನುವಾರದ ಎದುರಿಗೆ ಆರು ಐವತ್ತೆರಡು ಎಂದು ಬರೆದಿಟ್ಟುಕೊಂಡರು. ಹತ್ತುವ ಹೊತ್ತು ಬದಲಾಯಿತು, ಆದರೆ ತುದಿಯಿಂದ ಬುಡಕ್ಕೆ ಇಳಿಯಲು ಬೇಕಾದ ಹೊತ್ತು ಬದಲಾಗಲಿಲ್ಲ. ಆ ಸಂಖ್ಯೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿದರು. ಮನೆಗೆ ಬಂದು ಹನ್ನೊಂದಕ್ಕೆ ಮರಾಠಿಯಲ್ಲಿ ಏನಂತಾರೆ ಎಂದು ಕೇಳಿದರು.

"ಅಕರಾ," ಎಂದಳು ಭೀಮವ್ವ. "ಯಾಕ್ರಿ, ಹನ್ನೊಂದ ಚಿತ್ರ ತಗೀತೀರೇನ?"

ಬುಧವಾರ ಬಣ್ಣ ತೆಗೆದುಕೊಂಡು ಹೋದರು. ಎಲ್ಲ ಗೊತ್ತಿತ್ತು. ಬಿಸಿಲಿನ ಜಾಗದಲ್ಲಿ ಕಾಗದದ ಬಿಳಿಯನ್ನೇ ಬಿಡಬೇಕು, ಬಣ್ಣ ನೆರಳಿಗೆ ಮಾತ್ರ. ಗೊತ್ತಿದ್ದೂ ಬಿಳಿ ಕಂಡ ಕೂಡಲೇ ಕೈ ತಾನಾಗಿ ಹೋಗಿ ಮುಚ್ಚಿತು. ಗುರುವಾರವೂ ಮುಚ್ಚಿತು. ಇಪ್ಪತ್ತಾರು ವರ್ಷ ಕಂಡದ್ದನ್ನು ಬಿಡಬಾರದು ಎಂದು ಕಲಿಸಿದ ಕೈಗೆ, ಕಂಡೂ ಬಿಡು ಎಂದರೆ ಅದು ಕೇಳಲೊಲ್ಲದು. ಆ ದಿನ ಸ್ಟೋರಿನಲ್ಲಿ ಅವರು ಬೇರಿಂಗು ಕೇಳಿದವನಿಗೆ ಬೋಲ್ಟು ಕೊಟ್ಟರು.

ಸಂಜೆ ಮೇಜಿನ ಖಾನೆಯಲ್ಲಿ ಏನೋ ಹುಡುಕುವಾಗ ಹಳೆಯ ಮೇಣದ ಪೆನ್ಸಿಲು ಸಿಕ್ಕಿತು. ಶುಕ್ರವಾರ ಬಣ್ಣ ಹಚ್ಚುವ ಮೊದಲು ಹಾಳೆಯ ಮೇಲೆ ಬಿಸಿಲು ಬೀಳುವ ಜಾಗಗಳಿಗೆ ಸುತ್ತು ಹಾಕಿದರು, ತಪ್ಪಿದ್ದ ಬಾಟಲಿಗೆ ಹಾಕಿದಂತೆಯೇ. ಮೇಣ ಕಾಗದಕ್ಕೆ ಜಿಡ್ಡಾಗುತ್ತಿತ್ತು. ಅದನ್ನು ಬಿಟ್ಟು ಮಾಮೂಲಿ ಪೆನ್ಸಿಲು ತೆಗೆದುಕೊಂಡರು. ಒಂದೊಂದು ಸುತ್ತಿನೊಳಗೂ ಎರಡಕ್ಷರ ಬರೆದರು: ಊನ. ಸುತ್ತು ಹಾಕಿದ ಬಾಟಲಿಯನ್ನು ಅವರು ಎಂದೂ ಮತ್ತೆ ಮುಟ್ಟಿದವರಲ್ಲ. ಕೈ ಆ ಗೆರೆಯ ತನಕ ಬಂದು ನಿಂತಿತು. ಶನಿವಾರವೂ ನಿಂತಿತು.

ಈಗ ಭಾನುವಾರ, ಆರು ಐವತ್ತೆರಡು. ತುದಿಯಲ್ಲಿ ಬೆಳಕು ಹತ್ತಿತು.

ಈರಬಸಪ್ಪನವರು ಬ್ರಷ್ಷನ್ನು ದೊಡ್ಡ ಬಟ್ಟಲಿಗೆ ಅದ್ದಿದರು. ಕಲಸಿದ್ದು ಎರಡೇ ಬಣ್ಣ, ಒಂದು ನೀಲಿ ಬೆರೆತ ಕಂದು, ಒಂದು ತಿಳಿನೀಲಿ. ನೆರಳನ್ನು ಮಾತ್ರ ಬರೆದರು. ಕಾಗದವನ್ನು ಹೆಚ್ಚು ನೋಡಲಿಲ್ಲ. ನೆರಳಿನ ಅಂಚು ಜಾರುವುದನ್ನು ನೋಡುತ್ತಿದ್ದರು. ಮೂರನೆಯ ಪಟ್ಟಿಯ ಅರ್ಧ ಮುಗಿದಿತ್ತು, ಗಡಿಯಾರ ಆರು ಐವತ್ತೆಂಟು ತೋರಿಸುತ್ತಿತ್ತು. ಆಗ ಬ್ರಷ್ಷಿನಿಂದ ಒಂದು ತಿಳಿನೀಲಿ ಹನಿ ದೊಡ್ಡ ಸುತ್ತಿನ ನಡುವೆ ತೊಟ್ಟಿಕ್ಕಿತು.

ಬಿಳಿಯ ನಡುವೆ ಒಂದು ಚುಕ್ಕೆ. ಬಾಟಲಿಯಾಗಿದ್ದರೆ ಎತ್ತಿ ಟ್ರೇಗೆ ಇಡಬೇಕು. ಚಿತ್ರವಾದರೆ, ಕೈ ಹೇಳುತ್ತಿತ್ತು, ಸುತ್ತಲೂ ಬಣ್ಣ ಹಚ್ಚಿ ಒಂದೇ ಸಮ ಮಾಡಿಬಿಡು. ಪಕ್ಕದಲ್ಲಿದ್ದ ರಾಜೀವ ಬಗ್ಗಿ ನೋಡಿ, "ಅರೆರೆ ಕಾಕಾ, ಹೋಯ್ತಲ್ಲ! ಮುಚ್ಚಿಬಿಡಿ ಬೇಗ," ಎಂದ. ಈರಬಸಪ್ಪನವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಎರಡು ಉಸಿರಿನಷ್ಟು ಹೊತ್ತು ಹಿಡಿದು, ಬಿಟ್ಟು, ನಾಲ್ಕನೆಯ ಪಟ್ಟಿಯ ನೆರಳಿಗೆ ಹೋದರು. ಏಳು ಗಂಟೆ ಮೂರು ನಿಮಿಷಕ್ಕೆ ಬೆಳಕು ಮರಗಳನ್ನು ಮುಟ್ಟಿತು. ಅವರು ಬ್ರಷ್ಷು ತೊಳೆದು ಕೆಳಗಿಟ್ಟರು. ಉಳಿದವರು ಒಂಬತ್ತರವರೆಗೆ ಬರೆದರು. ಇವರು ಕೈಕಟ್ಟಿ ಕೂತರು. ಒಂದು ಗೆರೆಯನ್ನೂ ಸೇರಿಸಲಿಲ್ಲ.

ಹರ್ಷದಾ ಕೊನೆಗೆ ಇವರ ಹತ್ತಿರ ಬಂದರು. ಚಿತ್ರ ನೋಡಿದರು. ಮಂಡಿಯೂರಿ ಕೂತು ಇನ್ನೊಮ್ಮೆ ನೋಡಿದರು. ಬಿಳಿಯ ಒಳಗೆ ಮಾಸಲಾಗಿ ಕಾಣುತ್ತಿದ್ದ ಪೆನ್ಸಿಲಿನ ಅಕ್ಷರಗಳ ಮೇಲೆ ಬೆರಳಿಟ್ಟು, ಇದೇನು ಎಂದು ಹಿಂದಿಯಲ್ಲಿ ಕೇಳಿದರು.

"ಊನ," ಎಂದರು ಈರಬಸಪ್ಪನವರು.

"ಊನ?" ಆಕೆಯ ಮುಖ ಅರಳಿತು. "ಬಿಸಿಲೆಂದು ಕನ್ನಡ ಅಕ್ಷರದಲ್ಲಿ ಬರೆದಿದ್ದೀರಾ?"

"ಮರಾಠಿಯಲ್ಲಿ ಬಿಸಿಲು. ಕನ್ನಡದಲ್ಲಿ ಊನ ಅಂದರೆ ಬೇರೆ." ಹಿಂದಿಯಲ್ಲಿ ಪದ ಹುಡುಕಿದರು. ಕಾರ್ಖಾನೆಯ ಪದವೇ ಸಿಕ್ಕಿತು. "ಡಿಫೆಕ್ಟ್."

ಹರ್ಷದಾ ಲೆಕ್ಕ ಹಾಕುವುದು ಅವರ ಮುಖದಲ್ಲೇ ಕಾಣುತ್ತಿತ್ತು. "ಅಂದರೆ ನಾನು ವಾರ ವಾರ ಬಂದು, ಕಾಕಾ, ನಿಮ್ಮ ಚಿತ್ರದಲ್ಲಿ ಒಂದು ತಪ್ಪೂ ಇಲ್ಲ ಅಂತ..."

"ಮನೆಯಲ್ಲಿ ಹುಗ್ಗಿ ಮಾಡಿದ್ದರು," ಎಂದರು ಈರಬಸಪ್ಪನವರು.

ಬದುವಿನ ಮೇಲಿದ್ದ ಎಂಟೂ ಜನ ನಕ್ಕರು, ಈ ಸಲ ಈರಬಸಪ್ಪನವರೂ ಸೇರಿ. ಹರ್ಷದಾ ಕಣ್ಣೊರೆಸಿಕೊಂಡು ಬಿಳಿಯ ನಡುವಿನ ನೀಲಿ ಹನಿಯನ್ನು ತೋರಿಸಿದರು. ಹಾಗಾದರೆ ಇದು?

ಈರಬಸಪ್ಪನವರು ಅದನ್ನು ನೋಡಿದರು. ಒಣಗಿ, ದೂರದಲ್ಲಿ ಹಾರುವ ಹದ್ದಿನ ಹಾಗಾಗಿತ್ತು. "ಹೇ ಕಾನಡೀ ಊನ," ಎಂದರು. ಇದು ಕನ್ನಡದ ಊನ.

ಆಕೆ ಕೈ ಚಾಚಿ ಆ ಚೀಟಿ ಕೊಡಿ ಎಂದರು. ಈರಬಸಪ್ಪನವರು ಜೇಬಿನಿಂದ ತೆಗೆದು ಕೊಟ್ಟರು. ಹರ್ಷದಾ ಅದರ ಮಡಿಕೆ ಬಿಚ್ಚಿ, ತಮ್ಮ ಕೈಯಲ್ಲಿದ್ದ ಒದ್ದೆ ಬ್ರಷ್ಷನ್ನು ಅದಕ್ಕೆ ಎರಡೂ ಬದಿ ಒರೆಸಿ, ಉಂಡೆ ಮಾಡಿ ಕಸದ ಚೀಲಕ್ಕೆ ಹಾಕಿದರು. ಎಲ್ಲರ ಕಡೆ ತಿರುಗಿ, ಬರುವ ಭಾನುವಾರ ಬಿಸಿಲು ಇನ್ನೂ ಬೇಗ ಬರುತ್ತದೆ, ಎಂಟೂ ಜನ ಆರಕ್ಕೇ ಬನ್ನಿ ಎಂದರು.

ರಾಜೀವ ಮಾತ್ರ ಇನ್ನೂ ಚಿತ್ರದ ಮುಂದೆಯೇ ಇದ್ದ. ಒಂದೂವರೆ ತಿಂಗಳಿಂದ ಕಾಯುತ್ತಿದ್ದ ಅವಕಾಶ ಅವನಿಗೆ ಸಿಕ್ಕಿತ್ತು. ಗುಡ್ಡದ ಕಡೆ ಕೈ ಮಾಡಿ, "ಪಾಚ," ಎಂದ. ಚಿತ್ರದ ಕಡೆ ಕೈ ಮಾಡಿ, ದೊಡ್ಡ ದನಿಯಲ್ಲಿ, "ತೀನ!" ಎಂದ. ನಿಜ. ಮೇಲಿನ ಎರಡು ಪಟ್ಟಿಗಳು ಬಿಳಿಯೊಳಗೆ ಇರಲೇ ಇಲ್ಲ.

ಈರಬಸಪ್ಪನವರು ತಲೆಯಾಡಿಸಿದರು. ಆ ಹೊತ್ತಿನಲ್ಲಿ ಮೂರೇ, ಎಂದರು.

ಹರ್ಷದಾ ತಿರುಗಿ ನೋಡಿದರು. ಎಷ್ಟು ಹೊತ್ತು ಇರುತ್ತದೆ ಆ ಊನ, ಎಂದು ಮರಾಠಿಯಲ್ಲಿ ಕೇಳಿದರು, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ. ಈರಬಸಪ್ಪನವರಿಗೆ ಎಲ್ಲ ಪದವೂ ಅರ್ಥವಾಯಿತು. ನೋಟುಬುಕ್ಕು ಚೀಲದಲ್ಲೇ ಇತ್ತು. ಅವರು ಅದನ್ನು ತೆಗೆಯಲಿಲ್ಲ.

"ಅಕರಾ ಮಿನಿಟಂ," ಎಂದರು.